ಮಕ್ಕಳ ಸಂತೆ: ಗಲ್ಲಾಪೆಟ್ಟಿಗೆ ಮಕ್ಕಳ ಕೈಯಲ್ಲೇ ಇರಲಿ

ಮಕ್ಕಳ ಹೆಸರಿನಲ್ಲಿ ನಡೆಯುವ ವಿಶೇಷ ದಿನಗಳಲ್ಲಿ ಮಕ್ಕಳಿಗೆ ಸಿಗುವುದು ಹೆಚ್ಚಾಗಿ ಪ್ರೇಕ್ಷಕರ ಜಾಗ. ಮಕ್ಕಳ ಸಂತೆಯಲ್ಲಿ ಹಾಗಲ್ಲ. ಸರಕು ಗೊತ್ತುಮಾಡುವವರು, ದರ ಕಟ್ಟುವವರು, ತೂಗುವವರು, ಚಿಲ್ಲರೆ ಎಣಿಸುವವರು, ಕೊನೆಗೆ ಲಾಭವೋ ನಷ್ಟವೋ ಲೆಕ್ಕ ಹಾಕುವವರು ಎಲ್ಲರೂ ಮಕ್ಕಳೇ. ಊರಿನ ದೊಡ್ಡವರು ಆ ದಿನ ಬರೀ ಗಿರಾಕಿಗಳು. ರಾಜ್ಯದ ಬಹಳಷ್ಟು ಸರ್ಕಾರಿ ಶಾಲೆಗಳಲ್ಲಿ ಇದು ನಡೆಯುತ್ತದೆ, ಕೆಲವೆಡೆ ಮೆಟ್ರಿಕ್ ಮೇಳ ಎಂದೂ ಕರೆಯುತ್ತಾರೆ. ಆದರೆ ಅಂಗಡಿ ಹಿಂದೆ ಅಮ್ಮ ಕೂತು ತೂಗಿದರೆ, ಮೇಷ್ಟ್ರು ದುಡ್ಡು ಎಣಿಸಿದರೆ, ಮಗು ಪಕ್ಕದಲ್ಲಿ ನಿಂತು ಫೋಟೋಗೆ ನಗುವುದಷ್ಟೇ ಉಳಿಯುತ್ತದೆ. ಹಾಗಾಗದಂತೆ ಸಂತೆ ಹಾಕುವ ಕ್ರಮ ಇಲ್ಲಿದೆ. ಅಳತೆಗಳೆಲ್ಲ 1ರಿಂದ 7ನೇ ತರಗತಿವರೆಗೆ ಸುಮಾರು 120 ಮಕ್ಕಳಿರುವ ಹಳ್ಳಿ ಶಾಲೆಗೆ ಹೊಂದುವಂಥವು. ನಿಮ್ಮ ಶಾಲೆ ಚಿಕ್ಕದೋ ದೊಡ್ಡದೋ ನೋಡಿ ಇಳಿಸಿ, ಏರಿಸಿ.

ಯಾವ ದಿನ ಹಾಕುವುದು

ಮೊದಲು ನೆನಪಾಗುವುದು ನವೆಂಬರ್ 14, ನೆಹರೂ ಹುಟ್ಟಿದ ದಿನ, ಮಕ್ಕಳ ದಿನಾಚರಣೆ. ದಿನ ಒಳ್ಳೆಯದೇ, ಆದರೆ ದಕ್ಷಿಣ ಒಳನಾಡಿನಲ್ಲಿ ಆಗ ಹಿಂಗಾರು ಮಳೆ ಇನ್ನೂ ಮುಗಿದಿರುವುದಿಲ್ಲ. ಅಂಗಳದಲ್ಲಿ ಹರಡಿದ ಮಂಡಕ್ಕಿ, ಹಪ್ಪಳ ಒಂದೇ ಹನಿಗೆ ಹಾಳು. ಎರಡನೆಯದು ಡಿಸೆಂಬರ್ 22. 1887ರಲ್ಲಿ ಅದೇ ದಿನ ಹುಟ್ಟಿದ ಶ್ರೀನಿವಾಸ ರಾಮಾನುಜನ್ ಅವರ ನೆನಪಿಗೆ 2012ರಿಂದ ಅದನ್ನು ರಾಷ್ಟ್ರೀಯ ಗಣಿತ ದಿನವಾಗಿ ಆಚರಿಸುತ್ತಾರೆ. ತೂಕ, ಅಳತೆ, ಶೇಕಡಾ ಲೆಕ್ಕಕ್ಕೆ ಇದಕ್ಕಿಂತ ಹೊಂದುವ ದಿನ ಇಲ್ಲ.

ಆದರೂ ನಮ್ಮ ಒಲವು ಮೂರನೆಯದರ ಕಡೆಗೆ: ಜನವರಿ 12ರ ಆಸುಪಾಸು. ಅಂದು ವಿವೇಕಾನಂದ ಜಯಂತಿ, ರಾಷ್ಟ್ರೀಯ ಯುವ ದಿನ. ಊರಿನ ಪಿಯುಸಿ, ಡಿಗ್ರಿ ಓದುವ ಹುಡುಗ ಹುಡುಗಿಯರನ್ನು ಕರೆದು ಜವಾಬ್ದಾರಿ ಕೊಡಲು ಅದೇ ಕಾರಣ ಸಾಕು. ಅಷ್ಟೇ ಮುಖ್ಯವಾದದ್ದು, ಸಂಕ್ರಾಂತಿಗೆ ಎರಡು ಮೂರು ದಿನ ಉಳಿದಿರುತ್ತದೆ. ಎಳ್ಳು ಬೆಲ್ಲ, ಸಕ್ಕರೆ ಅಚ್ಚು, ಕಬ್ಬು, ಗೆಣಸು, ಅವರೆಕಾಯಿ, ಉತ್ತರ ಕರ್ನಾಟಕದಲ್ಲಾದರೆ ಕುಸುರೆಳ್ಳು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಎಲ್ಲ ಮನೆಗೂ ಬೇಕೇ ಬೇಕು. ಮಕ್ಕಳ ಮೇಲಿನ ಕನಿಕರಕ್ಕಲ್ಲ, ಬೇಕಾದ ಸರಕಿಗಾಗಿ ಜನ ಬರುತ್ತಾರೆ. ಮಳೆಯ ಭಯವೂ ಇಲ್ಲ.

ಊರಿನ ಅಥವಾ ಪಕ್ಕದ ಊರಿನ ವಾರದ ಸಂತೆ ಇರುವ ದಿನ ಮಾತ್ರ ಬೇಡ. ಹೊತ್ತಿನ ಬಗ್ಗೆಯೂ ಯೋಚಿಸಿ. ಹೆತ್ತವರಲ್ಲಿ ಹೆಚ್ಚಿನವರು ಕೂಲಿಗೆ ಹೋಗುವವರಾದರೆ ಬೆಳಗ್ಗೆ 11ಕ್ಕೆ ಸಂತೆ ಇಟ್ಟರೆ ಅವರ ಒಂದು ದಿನದ ಕೂಲಿ ಹೋಗುತ್ತದೆ, ಇಲ್ಲವೇ ಅವರು ಬರುವುದೇ ಇಲ್ಲ. ಅಂಥ ಊರಲ್ಲಿ ಮಧ್ಯಾಹ್ನ 3ರಿಂದ 5ರವರೆಗೆ ಇಡಿ, 6ರೊಳಗೆ ಅಂಗಳ ಗುಡಿಸಿ ಮಕ್ಕಳು ಮನೆ ಸೇರಲಿ. ಸೊಪ್ಪಿಗೂ ಆ ಹೊತ್ತು ಒಳ್ಳೆಯದು, ಬಿಸಿಲು ಇಳಿದಿರುತ್ತದೆ.

ಮೂವರಿಗೊಂದು ಅಂಗಡಿ

4ರಿಂದ 7ನೇ ತರಗತಿಯಲ್ಲಿ 72 ಮಕ್ಕಳಿದ್ದರೆ ಮೂವರಿಗೊಂದರಂತೆ 24 ಅಂಗಡಿ ಆಗುತ್ತದೆ. ಮೂವರಲ್ಲಿ ಒಬ್ಬರು ತೂಕಕ್ಕೆ, ಒಬ್ಬರು ಹಣಕ್ಕೆ, ಇನ್ನೊಬ್ಬರು ಅರ್ಧ ಗಂಟೆ ಸಂತೆ ಸುತ್ತಲು. ಅರ್ಧ ಗಂಟೆಗೊಮ್ಮೆ ಗಂಟೆ ಬಾರಿಸಿ ಪಾಳಿ ಬದಲಿಸಿ. ಇಬ್ಬರೇ ಇದ್ದರೆ ಒಬ್ಬರು ಎದ್ದು ಹೋದಾಗ ಅಂಗಡಿ ನಿಲ್ಲುತ್ತದೆ. ಐವರಿದ್ದರೆ ಇಬ್ಬರು ಕೆಲಸ ಮಾಡುತ್ತಾರೆ, ಮೂವರು ಸರಕು ತಿನ್ನುತ್ತಾರೆ. ನಲಿ-ಕಲಿಯ ಚಿಕ್ಕವರು, ಅಂದರೆ 1ರಿಂದ 3ನೇ ತರಗತಿಯವರು, ಗಿರಾಕಿಗಳಾಗಿರಲಿ. ಕೊಳ್ಳುವುದೂ ಕಲಿಕೆಯೇ.

ಗುಂಪು ಮಾಡುವಾಗ ಚೀಟಿ ಎತ್ತಿ. ಇದೊಂದು ವಿಷಯದಲ್ಲಿ ಬಹಳ ಕಟ್ಟುನಿಟ್ಟಾಗಿರಿ. ಮಕ್ಕಳನ್ನು ಅವರಿಷ್ಟಕ್ಕೆ ಬಿಟ್ಟರೆ ಒಂದೇ ಬೀದಿಯವರು, ಒಂದೇ ಕೇರಿಯವರು ಒಟ್ಟಾಗುತ್ತಾರೆ. ಆಮೇಲೆ ಸಂತೆಯ ದಿನ ಕೆಲವು ಅಂಗಡಿಯ ತಿಂಡಿ ಮುಟ್ಟದೆ ಮುಂದೆ ಹೋಗುವ ದೊಡ್ಡವರು ಇರುತ್ತಾರೆ, ಆ ಮಗುವಿಗೆ ಕಾರಣ ಹೇಳದೆಯೇ ಗೊತ್ತಾಗುತ್ತದೆ. ಚೀಟಿ ಎತ್ತಿದ ಗುಂಪಿನಲ್ಲಿ ಎಲ್ಲ ಮನೆಯ ಮಕ್ಕಳೂ ಬೆರೆತಿರುತ್ತಾರೆ. ಚುರುಮುರಿ, ಪಾನಕ, ಮಜ್ಜಿಗೆಯಂಥವನ್ನು ಮನೆಯಿಂದ ತರದೆ ಶಾಲೆಯ ಅಂಗಳದಲ್ಲೇ ಎಲ್ಲರೆದುರು ಕಲಸಿ. ಯಾರ ಮನೆಯ ತಿಂಡಿ ಎಂಬ ಪ್ರಶ್ನೆ ಏಳುವುದೇ ಇಲ್ಲ.

ದೃಷ್ಟಿದೋಷವಿರುವ ಮಗುವಿದ್ದರೆ ಹಣದ ಕೆಲಸ ಕೊಡಿ. 20 ರೂಪಾಯಿ ನಾಣ್ಯಕ್ಕೆ 12 ಅಂಚು, ಉಳಿದವು ಹೆಚ್ಚಾಗಿ ದುಂಡಗೆ. ಗಾತ್ರ, ಅಂಚಿನ ಗೀರು ಮುಟ್ಟಿ ಗುರುತಿಸುವುದನ್ನು ಒಂದು ವಾರ ರೂಢಿ ಮಾಡಿಸಿದರೆ ಕಣ್ಣಿದ್ದವರಿಗಿಂತ ಚುರುಕಾಗಿ ಎಣಿಸಬಲ್ಲರು. ಬಂದ ನೋಟು ಎಷ್ಟರದ್ದು ಎಂದು ಜೊತೆಯವರು ಗಟ್ಟಿಯಾಗಿ ಹೇಳಬೇಕು. ಗಾಲಿಕುರ್ಚಿ ಬಳಸುವ ಮಗುವಿನ ಅಂಗಡಿ ಇಳಿಜಾರಿನ ಪಕ್ಕಕ್ಕೆ, ಬೆಂಚಿನ ಎತ್ತರದಲ್ಲಿರಲಿ.

ಐದು ಅಂಗಡಿಗೊಬ್ಬ ಅಣ್ಣ ಅಥವಾ ಅಕ್ಕ. ಇವರು ಊರಿನ ಕಾಲೇಜು ಓದುವವರು ಅಥವಾ ಶಾಲೆಯ ಹಳೆ ವಿದ್ಯಾರ್ಥಿಗಳು. ಒಟ್ಟು ಐವರು ಸಾಲು ನೋಡಲು, ಇಬ್ಬರು ಗೇಟಿನಲ್ಲಿ, ಇಬ್ಬರು ನೀರು ಮತ್ತು ಕಸಕ್ಕೆ, ಇಬ್ಬರು ಹಣದ ಮೇಜಿಗೆ. ಇವರಿಗೊಂದು ನಿಯಮವಿದೆ: ಪೆಟ್ಟಿಗೆಗೆ ಕೈ ಹಾಕುವಂತಿಲ್ಲ. ಮಗು ತಪ್ಪಿದರೆ "ಇನ್ನೊಂದ್ಸಲ ಎಣಿಸು ಪುಟ್ಟಾ" ಎನ್ನಬಹುದು, ತಾವೇ ಎಣಿಸಿ ಕೊಡಬಾರದು. ಹೆಚ್ಚಿನ ಹುಡುಗರಿಗೆ ಇದೇ ಕಷ್ಟ, ಆದ್ದರಿಂದ ಹಿಂದಿನ ದಿನ ಅವರಿಗೇ ಅರ್ಧ ಗಂಟೆ ಕೂರಿಸಿ ಹೇಳಿ.

ಅಸಲು ಎಲ್ಲಿಂದ

ಮನೆಯಿಂದ ದುಡ್ಡು ತನ್ನಿ ಎಂದರೆ ಮನೆಯಲ್ಲಿ ದುಡ್ಡಿರುವ ಮಕ್ಕಳದಷ್ಟೇ ಸಂತೆಯಾಗುತ್ತದೆ. ಹಾಗೆ ಹೇಳಲೇಬೇಡಿ. ಒಂದು ಅಂಗಡಿಯ ಅಸಲು 350 ರೂಪಾಯಿ ಮೀರಬಾರದು ಎಂದು ಗೊತ್ತುಮಾಡಿ, ಆ ಹಣವನ್ನು ಶಾಲೆಯೇ ಕೈಗಡವಾಗಿ ಕೊಡಲಿ. ಮನೆಯ ಹಿತ್ತಿಲಿನ ಸೊಪ್ಪು, ನಿಂಬೆ, ತೆಂಗಿನಕಾಯಿ ತರುವ ಗುಂಪು ಅದನ್ನು ಉದ್ರಿಯಾಗಿ ತರಲಿ: ಯಾರಿಂದ, ಎಷ್ಟು, ಯಾವ ದರಕ್ಕೆ ಎಂದು ಚೀಟಿ ಬರೆದು ಸಹಿ. ಸಂತೆ ಮುಗಿದ ಮೇಲೆ ಆ ಹಣವನ್ನು ಅಪ್ಪನಿಗೋ ಅಜ್ಜಿಗೋ ಕೊಡಬೇಕು. "ನಮ್ಮ ತೋಟದ್ದೇ, ಬಿಟ್ಟಿ" ಎಂದು ಲೆಕ್ಕ ಬಿಟ್ಟರೆ ಮಾರಿದ್ದೆಲ್ಲ ಲಾಭವಾಗಿ ಕಾಣುತ್ತದೆ. ಬೆಳೆದವರ ದುಡಿಮೆಗೆ ಬೆಲೆಯಿಲ್ಲ ಎಂಬ ಪಾಠವನ್ನು ಕೃಷಿಕರ ಮಕ್ಕಳಿಗೆ ಶಾಲೆಯಲ್ಲಿ ಕಲಿಸಬಾರದು.

ಅರ್ಧದಷ್ಟು ಅಂಗಡಿ ಉದ್ರಿಯಲ್ಲೇ ನಡೆಯುತ್ತವೆ ಎಂದುಕೊಂಡರೆ ಉಳಿದ 12ಕ್ಕೆ 350ರಂತೆ 4,200 ರೂಪಾಯಿ. ಎಲ್ಲ 24 ಪೆಟ್ಟಿಗೆಗೆ ತಲಾ 100 ರೂಪಾಯಿ ಚಿಲ್ಲರೆ, 2,400. ಎಲ್ಲ 120 ಮಕ್ಕಳಿಗೂ ಕೊಳ್ಳಲು ತಲಾ 20 ರೂಪಾಯಿಯ ಕೂಪನ್, 2,400. ಒಟ್ಟು 9,000. ಇದರಲ್ಲಿ ಕೈಗಡ ಮತ್ತು ಚಿಲ್ಲರೆಯ 6,600 ಹಿಂದಿರುಗುತ್ತದೆ. ಹೋಗುವುದು ಕೂಪನ್ನಿನ 2,400 ಮತ್ತು ಲೋಟ, ಸುಣ್ಣ, ದಾರ, ಡ್ರಮ್ಮಿನಂಥ ಸಣ್ಣ ಖರ್ಚು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಇದನ್ನು ಬರೆದು ನಡಾವಳಿ ಮಾಡಿಸಿ. ಹಳೆ ವಿದ್ಯಾರ್ಥಿಗಳನ್ನು ಕೇಳುವಾಗಲೂ ದೇಣಿಗೆ ಎಷ್ಟು, ಮರಳಿ ಕೊಡುವುದೆಷ್ಟು ಎಂದು ಬೇರೆ ಬೇರೆ ಹೇಳಿದರೆ ಕೊಡುವ ಕೈ ಹಿಂಜರಿಯುವುದಿಲ್ಲ.

ಸರಕು: ಎಳ್ಳು ಬೆಲ್ಲದ ಉದಾಹರಣೆ

24 ಅಂಗಡಿಯಲ್ಲಿ 10 ಸೊಪ್ಪು, ತರಕಾರಿ, ಹಣ್ಣು, ತೆಂಗಿನಕಾಯಿ. 6 ತಿಂಡಿ ಮತ್ತು ಪಾನೀಯ. 4 ಹಬ್ಬದ ಸಾಮಾನು. 4 ಕೈಯಾರೆ ಮಾಡಿದ್ದು, ಅಂದರೆ ಕಾಗದದ ಚೀಲ, ಪೊರಕೆ, ಕಟ್ಟಿದ ಹೂವು, ಹೂಬೀಜದ ಪೊಟ್ಟಣ ಇತ್ಯಾದಿ. ಹೀಗೆ ಹಂಚದಿದ್ದರೆ 24ರಲ್ಲಿ 15 ಅಂಗಡಿ ಚುರುಮುರಿಯದ್ದೇ ಆಗುತ್ತದೆ. ಎರಡು ವಾರ ಮೊದಲೇ ಗುಂಪುಗಳು ತಲಾ ಎರಡು ಆಯ್ಕೆ ಬರೆದು ಕೊಡಲಿ, ಒಂದೇ ಸರಕಿಗೆ ಎರಡಕ್ಕಿಂತ ಹೆಚ್ಚು ಅಂಗಡಿ ಬೇಡ. ಎರಡಿರಲಿ, ಪೈಪೋಟಿ ಏನೆಂದು ಗೊತ್ತಾಗಬೇಕು.

ಎಳ್ಳು ಬೆಲ್ಲದ ಅಂಗಡಿಯೊಂದನ್ನು ಹತ್ತಿರದಿಂದ ನೋಡೋಣ. ಬಿಳಿ ಎಳ್ಳು 250 ಗ್ರಾಂ, ಕಡಲೆಬೀಜ 500, ಹುರಿಗಡಲೆ 500, ಬೆಲ್ಲ 500, ಒಣಕೊಬ್ಬರಿ 250. ಒಟ್ಟು 2 ಕೆ.ಜಿ. ದರ ಊರಿಂದೂರಿಗೆ ಬೇರೆ, ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಎಳ್ಳಿಗೆ 60 ರೂಪಾಯಿ, ಕಡಲೆಬೀಜಕ್ಕೆ 70, ಹುರಿಗಡಲೆಗೆ 60, ಬೆಲ್ಲಕ್ಕೆ 30, ಕೊಬ್ಬರಿಗೆ 80, ಕಾಗದದ ಪೊಟ್ಟಣ 40ಕ್ಕೆ 40. ಅಸಲು 340. ಮಕ್ಕಳು 50 ಗ್ರಾಂನ 40 ಪೊಟ್ಟಣ ಎಂದು ಭಾಗಿಸಿ, ಒಂದಕ್ಕೆ ಎಂಟೂವರೆ ರೂಪಾಯಿ ಬಿತ್ತು ಎನ್ನುತ್ತಾರೆ. ಆದರೆ ಹುರಿದು ಸಿಪ್ಪೆ ಉಜ್ಜಿದ ಕಡಲೆಬೀಜ, ಸಿಪ್ಪೆ ಹೆರೆದ ಕೊಬ್ಬರಿ, ಬೆಲ್ಲದ ಪುಡಿ ಎಲ್ಲ ಸೇರಿ 100 ಗ್ರಾಂನಷ್ಟು ಕಡಿಮೆಯಾಗುತ್ತದೆ. ಕೈಗೆ ಬರುವುದು 38 ಪೊಟ್ಟಣ, ಒಂದರ ಅಸಲು ಸುಮಾರು 9 ರೂಪಾಯಿ. 10ಕ್ಕೆ ಮಾರಿದರೆ ಉಳಿಯುವುದು ಒಂದು ರೂಪಾಯಿ. ಇದನ್ನು ನೀವು ಮೊದಲೇ ಹೇಳಿಕೊಡಬೇಡಿ. ತೂಗಿ ನೋಡಲಿ, ಎರಡು ಪೊಟ್ಟಣ ಎಲ್ಲಿ ಹೋಯಿತು ಎಂದು ಅವರೇ ಕೇಳಲಿ.

ಮಾಡುವಾಗ ಕೆಡುವುದು ಎರಡು ಕಡೆ. ಹುರಿದ ಎಳ್ಳು, ಬೀಜ ಬಿಸಿಯಿರುವಾಗಲೇ ಬೆಲ್ಲ ಬೆರೆಸಿದರೆ ಬೆಲ್ಲ ನೀರೊಡೆದು ಎಲ್ಲ ಮುದ್ದೆಯಾಗುತ್ತದೆ, ಕಾಗದದ ಪೊಟ್ಟಣ ಒದ್ದೆಯಾಗಿ ಹರಿಯುತ್ತದೆ. ಪೂರ್ತಿ ತಣ್ಣಗಾಗಲು ಎರಡು ಗಂಟೆ ಬಿಡಿ. ಎರಡನೆಯದು ಕೊಬ್ಬರಿ: ಹೆಚ್ಚಿದ ಮೇಲೆ ಒಂದು ದಿನ ಬಿಸಿಲಿಗೆ ಹರಡದಿದ್ದರೆ ತೇವ ಉಳಿದು ಮೂರನೇ ದಿನಕ್ಕೆ ಕಮಟು ವಾಸನೆ. ಬೆಲ್ಲಕ್ಕೂ ಹಾಗೆಯೇ, ಹೆಚ್ಚಿ ಒಂದು ಬಿಸಿಲು ಕಾಣಿಸಿ. ಹುರಿಯುವುದು, ಅಡಕತ್ತರಿ ಹಿಡಿಯುವುದು ಮನೆಯ ದೊಡ್ಡವರ ಕೆಲಸ. ಬೆರೆಸಿ, ತೂಗಿ, ಪೊಟ್ಟಣ ಕಟ್ಟುವುದು ಮಕ್ಕಳದ್ದು.

ಚುರುಮುರಿಗೆ 1 ಕೆ.ಜಿ. ಮಂಡಕ್ಕಿ ಎಂದರೆ ಚಿಕ್ಕ ರಾಶಿಯಲ್ಲ, 25ರಿಂದ 30 ಪ್ಲೇಟು. ಅಷ್ಟಕ್ಕೆ ಈರುಳ್ಳಿ 600 ಗ್ರಾಂ, ಟೊಮೆಟೊ ಅರ್ಧ ಕೆ.ಜಿ., ಹುರಿದ ಶೇಂಗಾ 300 ಗ್ರಾಂ, ಎಣ್ಣೆ 150 ಮಿಲಿ, ನಿಂಬೆ 6, ಕೊತ್ತಂಬರಿ ಒಂದು ಕಟ್ಟು, ಉಪ್ಪು, ಖಾರದ ಪುಡಿ. ಒಟ್ಟಿಗೆ ಕಲಸಿಟ್ಟರೆ ಹತ್ತು ನಿಮಿಷಕ್ಕೆ ಮೆತ್ತಗಾಗಿ ಯಾರೂ ಕೊಳ್ಳುವುದಿಲ್ಲ, ಒಂದು ಸಲಕ್ಕೆ ಎರಡೇ ಪ್ಲೇಟು ಕಲಸಿ. ನಿಂಬೆ ಪಾನಕ 10 ಲೀಟರಿಗೆ 40 ಹಣ್ಣು, 1 ಕೆ.ಜಿ. ಸಕ್ಕರೆ, ಎರಡು ಚಮಚ ಉಪ್ಪು, ಏಲಕ್ಕಿ. 150 ಮಿಲಿಯ 65 ಲೋಟ ಆಗುತ್ತದೆ. ನೀರು ಹಿಂದಿನ ರಾತ್ರಿ ಕುದಿಸಿ ಆರಿಸಿದ್ದಿರಬೇಕು. ಹಣ್ಣನ್ನು ಬೆಳಗ್ಗೆಯೇ ಹಿಂಡಿಟ್ಟರೆ ಮಧ್ಯಾಹ್ನಕ್ಕೆ ಕಹಿ ಬರುತ್ತದೆ, ಮಾರುವ ಒಂದು ಗಂಟೆ ಮುಂಚೆ ಹಿಂಡಿ. ಮಜ್ಜಿಗೆಗೆ ಒಂದು ಲೀಟರ್ ಮೊಸರಿಗೆ ಮೂರು ಲೀಟರ್ ನೀರು, 26 ಲೋಟ.

ಬೋಂಡ, ಬಜ್ಜಿ, ಮಿರ್ಚಿ ಕರಿಯುವುದು ಬೇಡವೇ ಬೇಡ. ಕಾದ ಎಣ್ಣೆ ಮತ್ತು ಓಡಾಡುವ 120 ಮಕ್ಕಳು ಒಂದೇ ಅಂಗಳದಲ್ಲಿ ಇರಬಾರದು. ದೊಡ್ಡವರು ಕರಿಯುತ್ತಾರೆ ಎಂದರೂ ಒಪ್ಪಬೇಡಿ. ಮನೆಯಲ್ಲಿ ಮಾಡಿದ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಪೊಟ್ಟಣ ಕಟ್ಟಿ ತಂದರೆ ಸಾಕು. ಬಣ್ಣ ಹಾಕಿದ ತಿಂಡಿಯೂ ಬೇಡ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು, ಬಣ್ಣದ ಬಾಂಬೆ ಮಿಠಾಯಿ ಮಾರುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ. ಹಳೆ ದಿನಪತ್ರಿಕೆಯಲ್ಲಿ ತಿಂಡಿ ಕಟ್ಟಬಾರದು, ಮುದ್ರಣದ ಶಾಯಿ ಎಣ್ಣೆಗೆ ಇಳಿಯುತ್ತದೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಸ್ಟ್ರಾ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಮುತ್ತುಗದ ಎಲೆ, ಅಡಿಕೆ ಹಾಳೆ, ಇಲ್ಲವೇ ಬಿಸಿಯೂಟದ ಸ್ಟೀಲ್ ತಟ್ಟೆ ಲೋಟ ತೊಳೆದು ಬಳಸಿ. ತೊಳೆಯುವವರು ಯಾರು ಎಂದು ಮೊದಲೇ ಗೊತ್ತಾಗಬೇಕು, ಅದು ಅಡುಗೆ ಅಕ್ಕಂದಿರ ತಲೆಗೆ ಬೀಳಬಾರದು.

ತಕ್ಕಡಿ ಪರೀಕ್ಷೆ

ತರಕಾರಿಯ ಅಂಗಡಿಗಳಿಗೆ ಮೂರೋ ನಾಲ್ಕೋ ತಕ್ಕಡಿ ಸಾಕು, ಅಕ್ಕಪಕ್ಕದವರು ಹಂಚಿಕೊಳ್ಳಲಿ. ಊರಿನ ಕಿರಾಣಿ ಅಂಗಡಿಯಿಂದ ಕೇಳಿ ತನ್ನಿ. ಸಂತೆಯ ಹಿಂದಿನ ದಿನ ಮಕ್ಕಳಿಂದಲೇ ಪರೀಕ್ಷೆ ಮಾಡಿಸಿ. ಮೊದಲು ಖಾಲಿ ತಟ್ಟೆಗಳಲ್ಲಿ ಮುಳ್ಳು ನೆಟ್ಟಗೆ ನಿಲ್ಲುತ್ತದೆಯೇ ನೋಡಿ. ಒಂದು ಕಡೆ ವಾಲಿದರೆ ಹಗುರವಾದ ತಟ್ಟೆಯ ಸರಪಳಿಗೆ ಚಿಕ್ಕ ಕಲ್ಲು ಕಟ್ಟಿದರೆ ಸರಿಹೋಗುತ್ತದೆ. ಆಮೇಲೆ ಎಡಗಡೆ 1 ಕೆ.ಜಿ. ತೂಕದ ಕಲ್ಲು, ಬಲಗಡೆ ಅಷ್ಟು ಗೆಣಸು ಹಾಕಿ ಸರಿತೂಗಿಸಿ. ಈಗ ಕಲ್ಲನ್ನೂ ಗೆಣಸನ್ನೂ ಅದಲು ಬದಲು ಮಾಡಿ. ಮುಳ್ಳು ಮತ್ತೆ ನೆಟ್ಟಗಿದ್ದರೆ ತಕ್ಕಡಿ ಸಾಚಾ. ವಾಲಿದರೆ ದಂಡಿಯ ಎರಡು ತೋಳು ಸಮ ಇಲ್ಲ, ಕಲ್ಲು ಕಟ್ಟಿದರೂ ಸರಿಯಾಗದು, ಆ ತಕ್ಕಡಿ ವಾಪಸು ಕಳಿಸಿ. ಈ ಪರೀಕ್ಷೆ ಕಲಿತ ಮಗುವಿಗೆ ಮುಂದೆ ಯಾರೂ ತೂಕದಲ್ಲಿ ಸುಲಭವಾಗಿ ಮೋಸ ಮಾಡಲಾರರು. ಎಲೆಕ್ಟ್ರಾನಿಕ್ ತಕ್ಕಡಿಯಾದರೆ ಒಡೆಯದ 1 ಕೆ.ಜಿ. ಉಪ್ಪಿನ ಪೊಟ್ಟಣ ಇಟ್ಟು ನೋಡಿ, ಪ್ಲಾಸ್ಟಿಕ್ ಚೀಲದ ತೂಕ ಸೇರಿ ಐದಾರು ಗ್ರಾಂ ಹೆಚ್ಚು ತೋರಿಸುತ್ತದೆ. ಬುಟ್ಟಿ ಇಟ್ಟ ಮೇಲೆ ಸೊನ್ನೆ ಮಾಡುವ ಗುಂಡಿ ಒತ್ತುವುದನ್ನು ಮರೆತರೆ ಗಿರಾಕಿ ಬುಟ್ಟಿಗೂ ದುಡ್ಡು ಕೊಡುತ್ತಾನೆ.

ಸೊಪ್ಪು ಕಟ್ಟಿಗೆ, ಹೂವು ಮೊಳಕ್ಕೆ, ಬಾಳೆಹಣ್ಣು ಚಿಪ್ಪಿಗೆ. ಹೂವಿನ ಅಂಗಡಿಯಲ್ಲಿ ಜಗಳ ಖಚಿತ: ಮೊಳ ಯಾರ ಕೈಯದು? ಐದನೇ ತರಗತಿಯ ಮಗುವಿನ ಮೊಳಕ್ಕೂ ಗಿರಾಕಿಯ ಮೊಳಕ್ಕೂ ನಾಲ್ಕೈದು ಬೆರಳಿನಷ್ಟು ಅಂತರ. ಹಲಗೆಯ ಮೇಲೆ 45 ಸೆಂ.ಮೀ. ಗೆರೆ ಎಳೆದು "ಇದೇ ಮೊಳ" ಎಂದು ಬರೆದಿಡಿ. ಕೊಸರು ಕೇಳುವವರು ಇದ್ದೇ ಇರುತ್ತಾರೆ. 20 ಕಟ್ಟು ಸೊಪ್ಪಿಗೆ ಒಂದು ಕಟ್ಟು ಕೊಸರಿಗೆಂದೇ ಎತ್ತಿಟ್ಟು, ಉಳಿದ 19ರ ಮೇಲೆ ದರ ಕಟ್ಟಲು ಹೇಳಿ. ಮುಗಿದ ಮೇಲೆ ಕೊಸರಿಲ್ಲ ಎಂದು ಹೇಳುವ ಧೈರ್ಯವೂ ಬರಲಿ.

ಚಿಲ್ಲರೆ

ಸಂತೆ ಕೆಡುವುದು ಹೆಚ್ಚಾಗಿ ಇಲ್ಲೇ. ಮೊದಲ ಅರ್ಧ ಗಂಟೆಯಲ್ಲಿ ಎಲ್ಲರೂ 100, 200ರ ನೋಟು ಹಿಡಿದು ಬರುತ್ತಾರೆ, ಮಕ್ಕಳ ಹತ್ತಿರ ಕೊಡಲು ಏನೂ ಇರುವುದಿಲ್ಲ, ಮೇಷ್ಟ್ರು ಜೇಬಿಗೆ ಕೈ ಹಾಕುತ್ತಾರೆ, ಲೆಕ್ಕ ಅಲ್ಲಿಗೆ ಮುಗಿಯಿತು. ಪ್ರತಿ ಪೆಟ್ಟಿಗೆಗೆ 10 ರೂಪಾಯಿಯ 5, ಐದು ರೂಪಾಯಿಯ 6, ಎರಡರ 5, ಒಂದರ 10 ನಾಣ್ಯ ಹಾಕಿ ಒಟ್ಟು 100 ಮಾಡಿ. 24 ಪೆಟ್ಟಿಗೆಗೆ ಕ್ರಮವಾಗಿ 120, 144, 120, 240 ನಾಣ್ಯ ಬೇಕು. ಬ್ಯಾಂಕಿನಲ್ಲಿ ಒಂದು ವಾರ ಮೊದಲು ಕೇಳಿಡಿ. ಇಲ್ಲದಿದ್ದರೆ ದೇವಸ್ಥಾನದ ಹುಂಡಿ, ಹಾಲಿನ ಡೇರಿ. 10 ರೂಪಾಯಿ ನಾಣ್ಯ ನಡೆಯುವುದಿಲ್ಲ ಎನ್ನುವ ಗಿರಾಕಿ ಬಂದರೆ ಮಕ್ಕಳು ಹೆದರಬೇಕಾಗಿಲ್ಲ. ಬೇರೆ ಬೇರೆ ಕಾಲಕ್ಕೆ ಬಂದ 14 ವಿನ್ಯಾಸದ 10 ರೂಪಾಯಿ ನಾಣ್ಯಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸ್ಪಷ್ಟಪಡಿಸಿದೆ. ಇದನ್ನು ದೊಡ್ಡಕ್ಷರದಲ್ಲಿ ಬರೆದು ಗೇಟಿಗೆ ಅಂಟಿಸಿ.

ಈಗ ಬಹಳ ಮಂದಿ ಫೋನಿನಿಂದಲೇ ಹಣ ಕೊಡುವವರು. ಅಂಗಡಿ ಅಂಗಡಿಗೆ ಕ್ಯೂಆರ್ ಕೋಡ್ ಇಟ್ಟರೆ ಹಣ ಮಗುವಿನ ಕಣ್ಣಿಗೇ ಬೀಳುವುದಿಲ್ಲ. ಗೇಟಿನ ಬಳಿ ಒಂದೇ ಮೇಜು ಹಾಕಿ, ಅಲ್ಲಿ ಫೋನಿನಲ್ಲಿ ಹಣ ಪಡೆದು ಕೂಪನ್ ಕೊಡಿ. ಖಾತೆ ಎಸ್‌ಡಿಎಂಸಿಯದ್ದಿರಲಿ, ಯಾರೊಬ್ಬರ ಸ್ವಂತ ಖಾತೆ ಬೇಡ, ಆಮೇಲೆ ಬರುವ ಮಾತಿಗೆ ಎಡೆಯಿರಬಾರದು. ಮಕ್ಕಳಿಗೆ ಕೊಡುವುದೂ ಇದೇ ಕೂಪನ್: ತಲಾ ಐದರ ಎರಡು, ಹತ್ತರ ಒಂದು. ಒಟ್ಟು 5 ರೂಪಾಯಿಯ 300, 10ರ 270, 20ರ 150 ಕೂಪನ್ ಬೇಕಾಗುತ್ತದೆ. ಒಂದೊಂದು ಬೆಲೆಗೆ ಒಂದೊಂದು ಬಣ್ಣದ ರಟ್ಟು, ಹಿಂಬದಿ ಶಾಲೆಯ ಮೊಹರು. ಜೆರಾಕ್ಸ್ ಕಾಗದದಲ್ಲಿ ಮಾಡಿದರೆ ಮಧ್ಯಾಹ್ನದೊಳಗೆ ನಕಲು ಬರುತ್ತದೆ.

ಚಿಲ್ಲರೆ ಕೊಡುವ ವಿಧಾನವನ್ನು ಒಂದು ವಾರ ಮೊದಲು ತರಗತಿಯಲ್ಲೇ ಅಣಕು ಸಂತೆ ಹಾಕಿ ರೂಢಿಸಿ. 350 ಗ್ರಾಂ ಅವರೆಕಾಯಿ, ಕೆ.ಜಿ.ಗೆ 40. ಆಯಿತು 14 ರೂಪಾಯಿ. ಗಿರಾಕಿ 50 ಕೊಟ್ಟ. ಮಕ್ಕಳು 50ರಲ್ಲಿ 14 ಕಳೆಯಲು ಬೆರಳು ಮಡಿಸುತ್ತಾ ಕೂರುತ್ತಾರೆ. ಅಂಗಡಿಯವರು ಕಳೆಯುವುದಿಲ್ಲ, ಕೂಡುತ್ತಾರೆ. "ಹದಿನಾಲ್ಕು" ಎಂದು ಅವರೆಕಾಯಿ ಕೊಟ್ಟು, ಒಂದು ರೂಪಾಯಿ ಇಟ್ಟು "ಹದಿನೈದು", ಐದು ಇಟ್ಟು "ಇಪ್ಪತ್ತು", ಹತ್ತು ಇಟ್ಟು "ಮೂವತ್ತು", ಇಪ್ಪತ್ತು ಇಟ್ಟು "ಐವತ್ತು". ಗಿರಾಕಿಯ ಅಂಗೈಯಲ್ಲಿ 36 ರೂಪಾಯಿ ತಾನಾಗಿ ಕೂತಿರುತ್ತದೆ. ನಾಲ್ಕನೇ ತರಗತಿಯ ಮಗುವೂ ಎರಡು ದಿನಕ್ಕೆ ಕಲಿಯುತ್ತದೆ. ಇದರ ಜೊತೆ ಇನ್ನೊಂದು ಅಭ್ಯಾಸ: ಬಂದ ನೋಟನ್ನು ಚಿಲ್ಲರೆ ಕೊಟ್ಟು ಮುಗಿಯುವವರೆಗೆ ಪೆಟ್ಟಿಗೆಯೊಳಗೆ ಹಾಕಬಾರದು, ಮುಚ್ಚಳದ ಮೇಲೆ ಕಲ್ಲಿನಡಿ ಇಡಬೇಕು. "ನಾನು ಕೊಟ್ಟಿದ್ದು ನೂರು" ಎಂಬ ವಾದಕ್ಕೆ ನೋಟೇ ಉತ್ತರ ಹೇಳುತ್ತದೆ.

ಅಂಗಳ

ಅಂಗಡಿಗೆ 6 ಅಡಿ ಉದ್ದ, 4 ಅಡಿ ಅಗಲ, ನಡುವೆ ಒಂದಡಿ ಬಿಟ್ಟರೆ 12 ಅಂಗಡಿಯ ಸಾಲು 83 ಅಡಿ. ಎದುರುಬದುರು ಎರಡು ಸಾಲು, ನಡುವೆ 10 ಅಡಿ ದಾರಿ. ಹಿಂದಿನ ಸಂಜೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿ ನಂಬರ್ ಬರೆಯಿರಿ. ಜಾಗ ಸಾಲದಿದ್ದರೆ ಮೂಲೆಗೆ ತಿರುಗಿಸಿ. ಸೊಪ್ಪು ಮರದ ನೆರಳಿಗೆ, ಕೆಳಗೆ ಒದ್ದೆ ಗೋಣಿಚೀಲ. ತಿಂಡಿ ಅಂಗಡಿಗಳು ನೀರಿನ ಹತ್ತಿರ, ಗೇಟಿನಿಂದ ದೂರ. ಗೇಟಿನ ಬಾಯಲ್ಲಿಟ್ಟರೆ ಜನ ಅಲ್ಲೇ ನಿಂತು ತಿಂದು ಒಳಗೆ ಬರುವುದೇ ಇಲ್ಲ. 200 ಲೀಟರಿನ ಎರಡು ಡ್ರಮ್ ನೀರು, ಒಂದು ಕುಡಿಯಲು, ಒಂದು ಕೈ ತೊಳೆಯಲು, ಸಾಬೂನು ದಾರಕ್ಕೆ ಕಟ್ಟಿ. ಮೂರು ಬುಟ್ಟಿ: ದನಕ್ಕೆ ಹೋಗುವ ಸಿಪ್ಪೆ, ಎಲೆ ಕಾಗದ, ಉಳಿದದ್ದು. ಗಾಯದ ಪೆಟ್ಟಿಗೆಯ ಜೊತೆ ಆಶಾ ಕಾರ್ಯಕರ್ತೆಯನ್ನು ಕರೆದಿರಿ. ಗೇಟು ಒಂದೇ ತೆರೆದಿರಲಿ, ಚಿಕ್ಕ ಮಕ್ಕಳು ಹೆತ್ತವರ ಜೊತೆ ಬಿಟ್ಟು ಬೇರಾರ ಜೊತೆಗೂ ಹೊರಗೆ ಹೋಗಬಾರದು. ಫೋಟೋ ತೆಗೆಯುವವರಿಗೆ ಮೊದಲೇ ಹೇಳಿ: ಮಗುವಿನ ಹೆಸರು, ತರಗತಿ ಹಾಕಿ ಎಲ್ಲೂ ಹಂಚುವಂತಿಲ್ಲ.

ಸಂತೆ ಶುರು

ಉದ್ಘಾಟನೆಗೆ ವೇದಿಕೆ ಬೇಡ. ಬಂದ ಅತಿಥಿ ಮೊದಲ ಅಂಗಡಿಯಲ್ಲಿ ಒಂದು ಕಟ್ಟು ಸೊಪ್ಪು ಕೊಂಡು ಬೋಣಿ ಮಾಡಿದರೆ ಸಂತೆ ತೆರೆಯಿತು. ಅತಿಥಿ ತಡವಾದರೆ ಕಾಯಬೇಡಿ. ಬಿಸಿಲಿಗೆ ಸೊಪ್ಪು ಬಾಡುತ್ತದೆ, ಊರಿನ ಯಾವ ಅಜ್ಜಿಯಾದರೂ ಬೋಣಿ ಮಾಡಬಹುದು, ಅದೇ ಹೆಚ್ಚು ಚೆಂದ.

ದೊಡ್ಡವರಿಗೆ ಎರಡು ಮಾತು ಗೇಟಿನಲ್ಲೇ ಹೇಳಿ. ಚೌಕಾಸಿ ಮಾಡಿ, ಆದರೆ ಅಸಲಿಗಿಂತ ಕೆಳಗೆ ಇಳಿಸಬೇಡಿ. ಇನ್ನೊಂದು, ಪ್ರೀತಿಗೆಂದು ಹತ್ತರ ಸರಕಿಗೆ 500 ಕೊಟ್ಟು "ಇಟ್ಕೋ ಮಗಾ" ಎನ್ನಬೇಡಿ. ಮಾವ ಬಂದ ಅಂಗಡಿಗೆ ಲಾಭ, ಯಾರೂ ಬಾರದ ಅಂಗಡಿಗೆ ನಷ್ಟ ಎಂದಾದರೆ ಲೆಕ್ಕ ಕಲಿತ ಮಗುವಿಗೆ ಅನ್ಯಾಯ. ಹೆಚ್ಚು ಲಾಭ ಮಾಡಿದ ಅಂಗಡಿಗೆ ಬಹುಮಾನ ಕೊಡುವ ರೂಢಿಯನ್ನೂ ಈ ಕಾರಣಕ್ಕೇ ಬಿಟ್ಟುಬಿಡಿ. ಕೊಡಲೇಬೇಕೆಂದರೆ ಲೆಕ್ಕ ಸರಿಹೊಂದಿದ ಎಲ್ಲ ಅಂಗಡಿಗೂ ಕೊಡಿ.

ಮುಗಿಯಲು ಅರ್ಧ ಗಂಟೆ ಇರುವಾಗ ಉದ್ದ ಗಂಟೆ ಬಾರಿಸಿ. ಈಗ ಕೆಡುವ ಸರಕಿನ ದರ ಇಳಿಸಬೇಕೇ, ಎಷ್ಟು ಇಳಿಸಬೇಕು ಎಂದು ಮೂವರೂ ಕೂತು ಮಾತಾಡಬೇಕು. ದಿನದಲ್ಲೇ ಕಠಿಣವಾದ ತೀರ್ಮಾನ ಇದು. ಎಳ್ಳು ಬೆಲ್ಲ ಹಬ್ಬದವರೆಗೂ ಕೆಡದು, ಸೊಪ್ಪು ರಾತ್ರಿಗೇ ಮುಗಿಯಿತು. ಉಳಿದ ತರಕಾರಿಯನ್ನು ಬಿಸಿಯೂಟಕ್ಕೆ ಶಾಲೆ ಕೊಳ್ಳುವುದಾದರೆ ಇಳಿಸಿದ ದರಕ್ಕೇ, ದುಡ್ಡು ಕೊಟ್ಟೇ ಕೊಳ್ಳಲಿ.

ಲೆಕ್ಕ

ಮನೆಗೆ ಹೋಗುವ ಮುನ್ನ ಪೆಟ್ಟಿಗೆಯ ಹಣ ಎಣಿಸಿ, ಚೀಟಿಯಲ್ಲಿ ಬರೆದು, ಪೆಟ್ಟಿಗೆ ಕಟ್ಟಿ ಮುಖ್ಯ ಶಿಕ್ಷಕರ ಬೀರುವಿಗೆ. ಮರುದಿನ ಎರಡು ಪಿರಿಯಡ್ ಪೂರ್ತಿ ಲೆಕ್ಕಕ್ಕೆ. ಅದೇ ಎಳ್ಳು ಬೆಲ್ಲದ ಅಂಗಡಿ ತೆಗೆದುಕೊಳ್ಳಿ: 34 ಪೊಟ್ಟಣ 10ಕ್ಕೆ, ಕೊನೆಗೆ ಮೂರು 8ಕ್ಕೆ ಹೋಯಿತು, ಒಂದು ರುಚಿ ನೋಡಲು ಒಡೆದದ್ದು. ಪೆಟ್ಟಿಗೆಯಲ್ಲಿ ನಗದು 374, ಕೂಪನ್ 90, ಒಟ್ಟು 464. ಅಸಲು 340 ಕಳೆದು 124 ಲಾಭ ಎಂದು ಮಕ್ಕಳು ಕುಣಿಯುತ್ತಾರೆ. ಶುರುವಿಗೆ ಹಾಕಿದ 100 ರೂಪಾಯಿ ಚಿಲ್ಲರೆ ಅದರಲ್ಲೇ ಇದೆ. ಮಾರಾಟ 364, ಲಾಭ 24. ಮೂವರಿಗೆ ಎಂಟೆಂಟು ರೂಪಾಯಿ. ಈ ಇಳಿಕೆ ಮಕ್ಕಳಿಗೆ ಬೇಸರ ತರುತ್ತದೆ, ತರಲಿ. ಅಲ್ಲಿಂದಲೇ ಒಳ್ಳೆಯ ಪ್ರಶ್ನೆಗಳು ಹುಟ್ಟುತ್ತವೆ: ಪೊಟ್ಟಣದ 40 ರೂಪಾಯಿ ಉಳಿಸಲು ಕಾಗದವನ್ನು ನಾವೇ ಮಡಿಸಬಹುದಿತ್ತೇ? 12ಕ್ಕೆ ಮಾರಿದ್ದರೆ ಜನ ಕೊಳ್ಳುತ್ತಿದ್ದರೇ? ನಾವು ಅರ್ಧ ದಿನ ಕೂತದ್ದಕ್ಕೆ ಕೂಲಿ ಎಲ್ಲಿ?

ನಷ್ಟವಾದ ಅಂಗಡಿಯ ಕೈಗಡ ಪೂರ್ತಿ ಬಾರದಿದ್ದರೆ ಶಾಲೆ ಬಿಟ್ಟುಬಿಡಬೇಕು, ಮನೆಯಿಂದ ತನ್ನಿ ಎನ್ನಬಾರದು. ಲಾಭ ಮಕ್ಕಳದ್ದು. ಶಾಲೆಯ ನಿಧಿಗೆ, ಬಣ್ಣ ಬಳಿಯುವುದಕ್ಕೆ, ಗಡಿಯಾರ ಕೊಳ್ಳುವುದಕ್ಕೆ ಅದನ್ನು ತೆಗೆದುಕೊಳ್ಳಬೇಡಿ. ಮೊದಲು ಕೈಗಡ ಮತ್ತು ಚಿಲ್ಲರೆ ವಾಪಸು, ಆಮೇಲೆ ಉದ್ರಿ ಕೊಟ್ಟವರಿಗೆ ಅವರ ಹಣ, ಉಳಿದದ್ದು ಮೂವರಿಗೆ ಸಮಪಾಲು. ಲೆಕ್ಕದ ಹಾಳೆಯ ಒಂದು ಪ್ರತಿ ಲಕೋಟೆಯೊಳಗೆ ಹಣದ ಜೊತೆ ಮನೆಗೆ ಹೋಗಲಿ. ಇನ್ನೊಂದು ಪ್ರತಿ ಶಾಲೆಯಲ್ಲಿರಲಿ. ಯಾವ ಸರಕು ಎಷ್ಟು ಹೊತ್ತಿಗೆ ಖಾಲಿಯಾಯಿತು, ಯಾವುದು ಉಳಿಯಿತು, ಯಾವ ನಾಣ್ಯ ಸಾಲದೆ ಬಂತು ಎಂದು ಅದರ ಬೆನ್ನಿಗೇ ಬರೆಸಿ, ಮುಂದಿನ ವರ್ಷದ 4ನೇ ತರಗತಿಯವರು ಚೀಟಿ ಎತ್ತುವ ದಿನ ಅವರ ಕೈಗೆ ಕೊಡಿ.